‘ಬೋಲ್ಡ್ ಓಕೆ?’ ಎಂಬ ಕಡೆಯ ಕಾಲಂ

ಅಂಧೇರಿ ಪಶ್ಚಿಮದ ಆರಾಮ್ ನಗರದಲ್ಲಿ ಆಡಿಷನ್‌ಗೆ ನಿಂತಿದ್ದ ಕಾರ್ಕಳ ಕಡೆಯ ಹುಡುಗಿಯೊಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಬಂದ ಫಾರಂ ತೋರಿಸಿದಳು. ಎತ್ತರ, ಸೊಂಟದಳತೆ, ಶೂ ಸೈಜ್ ಎಲ್ಲ ತುಂಬಿದ್ದಳು. ಗೊತ್ತಿರುವ ಭಾಷೆಗಳಲ್ಲಿ ತುಳುವನ್ನೂ ಮರೆತಿರಲಿಲ್ಲ. ಕಡೆಯ ಕಾಲಂ ಮಾತ್ರ ಖಾಲಿ: ‘ಬೋಲ್ಡ್ ಓಕೆ?’ ಬಟ್ಟೆ ಬಿಚ್ಚು ಅಂತ ಇಲ್ಲಿ ಯಾರೂ ಹೇಳುವುದಿಲ್ಲ. ಕೇಳುವುದು ಹೀಗೆಯೇ.

ಮುಂಬೈಗೆ ನಗ್ನ ಚಿತ್ರ ಹೊಸದಲ್ಲ. 1974ರಲ್ಲಿ ಸಿನೆ ಬ್ಲಿಟ್ಜ್ ಪತ್ರಿಕೆಯ ಆರಂಭಕ್ಕೆ ಪ್ರೋತಿಮಾ ಬೇಡಿ ಬೆತ್ತಲೆ ಓಡಿದ್ದು, 1991ರ ಕಾಮಸೂತ್ರ ಕಾಂಡೋಮ್ ಜಾಹೀರಾತು, 1995ರಲ್ಲಿ ಹೆಬ್ಬಾವು ಸುತ್ತಿಕೊಂಡು ಬರೀ ಶೂ ತೊಟ್ಟು ನಿಂತ ಮಧು ಸಪ್ರೆ, ಮಿಲಿಂದ್ ಸೋಮನ್: ಇವಿಷ್ಟನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಶೂ ಜಾಹೀರಾತಿನ ಮೊಕದ್ದಮೆ 14 ವರ್ಷ ಎಳೆದು 2009ರಲ್ಲಿ ಖುಲಾಸೆಯಾಯಿತು. ಗಮನಿಸಬೇಕಾದ್ದು ಬೇರೆ. ಸಪ್ರೆ ಅಷ್ಟರಲ್ಲಾಗಲೇ 1992ರ ಮಿಸ್ ಇಂಡಿಯಾ. ಪ್ರೋತಿಮಾ ಕೂಡ ಹೆಸರಾದ ಮಾಡೆಲ್. ಮೆಟ್ಟಿಲು ಹತ್ತಿ ಮುಗಿಸಿದವರು ತೆಗೆದುಕೊಂಡ ತೀರ್ಮಾನ ಅದು. ಈಗ ಅದೇ ಪ್ರಶ್ನೆ ಹೊಸ್ತಿಲಲ್ಲಿ ನಿಂತವಳ ಮುಂದೆ ಬಂದಿದೆ.

ಇದು ಆದದ್ದು ಡಿಜಿಟಲ್ ಕ್ಯಾಮೆರಾ ಬಂದ ಮೇಲೆ. ರೀಲಿನ ಕಾಲದಲ್ಲಿ ಒಂದು ರೋಲ್‌ಗೆ 36 ಫ್ರೇಮ್, ಪ್ರತಿ ಕ್ಲಿಕ್ಕಿಗೂ ದುಡ್ಡು. ನೆಗೆಟಿವ್ ಕೈಲಿ ಹಿಡಿಯುವ ವಸ್ತು. ಜಗಳವಾಡಿಯಾದರೂ ವಾಪಸ್ ಕೇಳಬಹುದಿತ್ತು. ಮೆಮೊರಿ ಕಾರ್ಡ್ ಬಂದಮೇಲೆ ‘ಟೆಸ್ಟ್ ಶೂಟ್’ ಅಗ್ಗವಾಯಿತು. ದುಡ್ಡಿಲ್ಲದ ಹುಡುಗಿ, ಹೆಸರಿಲ್ಲದ ಫೋಟೋಗ್ರಾಫರ್ ಇಬ್ಬರೂ ಪುಕ್ಕಟೆ ಸೇರಿ, ಕೆಲಸ ಕೇಳುವಾಗ ತೋರಿಸುವ ಪೋರ್ಟ್‌ಫೋಲಿಯೋ ಮಾಡಿಕೊಳ್ಳುವ ಪದ್ಧತಿ ಬೆಳೆಯಿತು. ಒಳ್ಳೆಯದೇ, ಎಷ್ಟೋ ಜನಕ್ಕೆ ಅದರಿಂದ ಅನ್ನ ಸಿಕ್ಕಿದೆ. ಆದರೆ ಪುಕ್ಕಟೆ ಕೆಲಸಕ್ಕೆ ಕರಾರು ಪತ್ರ ಬರೆಯುವವರು ಯಾರು? ಮೊದಲು ಜೀನ್ಸ್, ಆಮೇಲೆ ಸ್ವಿಮ್‌ಸೂಟ್, ಮಧ್ಯಾಹ್ನ ಬೆಳಕು ಚೆನ್ನಾಗಿದೆ, ಒಂದೆರಡು ‘ಆರ್ಟಿಸ್ಟಿಕ್’. ಅಷ್ಟು ಹೊತ್ತು ಬೆವರು ಸುರಿಸಿದವರ ಮುಂದೆ ಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ಸಂಜೆ ಆ ಕಾರ್ಡ್ ಯಾರ ಹಾರ್ಡ್ ಡಿಸ್ಕಿಗೆ ಹೋಯಿತೋ!

ಇನ್ನೂ ಸೋಜಿಗವೆಂದರೆ ಈ ಚಿತ್ರಗಳಿಗೆ ಇಲ್ಲಿ ಮಾರುಕಟ್ಟೆಯೇ ಕಮ್ಮಿ. ಹೊಸಬರ ಹೊಟ್ಟೆ ತುಂಬುವುದು ಸೀರೆ ಕ್ಯಾಟಲಾಗ್, ಒಡವೆ, ಸೋಪು, ಆನ್‌ಲೈನ್ ಕುರ್ತಾಗಳಿಂದ. ಜಾಹೀರಾತಿನಲ್ಲಿ ಹೆಣ್ಣಿನ ಅಸಭ್ಯ ಚಿತ್ರಣಕ್ಕೆ 1986ರ ಕಾಯ್ದೆಯೇ ತಡೆ. ಟೆನಿಸ್ ಆಟಗಾರ ಬೋರಿಸ್ ಬೆಕರ್‌ನ ನಗ್ನ ಚಿತ್ರ ಪತ್ರಿಕೆಯಲ್ಲಿ ಅಚ್ಚಾದ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ನಗ್ನತೆಯೆಲ್ಲ ಅಶ್ಲೀಲವಲ್ಲ ಎಂದಿತು, ನಿಜ. ಹಾಗಂತ ಕುರ್ತಾ ಕಂಪನಿಗಳ ಬೇಡಿಕೆ ಬದಲಾಗಲಿಲ್ಲ. ಮತ್ತೆ ಆ ಕಾಲಂ ಯಾರಿಗಾಗಿ? 2021ರಲ್ಲಿ ಮಢ್ ದ್ವೀಪದ ಬಂಗಲೆಯೊಂದರ ಮೇಲೆ ಪೊಲೀಸರು ದಾಳಿ ಮಾಡಿದಾಗ, ನಟನೆಯ ಆಸೆ ತೋರಿಸಿ ಹೊಸ ಹುಡುಗಿಯರಿಂದ ಆ್ಯಪ್‌ಗಳಿಗೆ ಅಶ್ಲೀಲ ವಿಡಿಯೊ ಮಾಡಿಸಿದ ಆರೋಪ ಹೊರಬಿತ್ತು. ಉತ್ತರದ ಒಂದು ತುಣುಕು ಅಲ್ಲಿರಬಹುದು.

ಕಾನೂನು ಕೈಬಿಟ್ಟಿದೆ ಅನ್ನುವಂತಿಲ್ಲ. ಚಿತ್ರ ತೆಗೆಯಲು ಒಪ್ಪಿ, ಹಂಚಲು ಒಪ್ಪದಿದ್ದರೆ ಹಂಚುವುದು ಅಪರಾಧ. 2013ರಲ್ಲಿ ಬಂದ ಈ ಮಾತು ಈಗ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂನಲ್ಲಿದೆ. ಅದೇ ವರ್ಷದ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿನ ದೂರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿಯಿದೆ. ದೂರು ಕೊಡಲು ಮೂರು ತಿಂಗಳು. ತೊಡಕು ಶುರುವಾಗುವುದು ಧಣಿ ಯಾರು ಅಂದಾಗ. ಕೆಲಸ ಹೊಂದಿಸಿಕೊಡುವ ಕೋಆರ್ಡಿನೇಟರ್ ‘ನಾನು ನಂಬರ್ ಕೊಟ್ಟೆನಷ್ಟೆ’ ಅನ್ನುತ್ತಾನೆ, ಫೋಟೋಗ್ರಾಫರ್ ‘ಅವಳೇ ಒಪ್ಪಿದ್ದಳು’ ಅನ್ನುತ್ತಾನೆ. ಕಂಪನಿಗೆ ಅವಳ ಹೆಸರೇ ತಿಳಿದಿರುವುದಿಲ್ಲ. ಮೂರು ತಿಂಗಳು ಅಲ್ಲಿಗೆ ಸರಿಹೋಗುತ್ತದೆ.

ಕಾರ್ಕಳದವಳು ಆ ಕಾಲಂನಲ್ಲಿ ‘ಸ್ವಿಮ್‌ಸೂಟ್ ತನಕ ಮಾತ್ರ’ ಎಂದು ಬರೆಯಲು ಹೊರಟಳು. ಫಾರಂ ಅದನ್ನು ತೆಗೆದುಕೊಳ್ಳಲಿಲ್ಲ. ಅಲ್ಲಿದ್ದದ್ದು ಎರಡೇ ಬಟನ್, ಯಸ್ ಮತ್ತು ನೋ.