ಉಸಿರು ಬೇಗ ವಾಪಸ್ ಬರುತ್ತದೆ, ಮೂಳೆ ನಿಧಾನ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಕಾಡಂಚಿನ ಮನೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಮಂಗನ ಕಾಯಿಲೆಯಿಂದ ಎದ್ದು ಮತ್ತೆ ಓಡಲು ಶುರು ಮಾಡಿದ್ದಾನೆ. ಬಡ ಮಕ್ಕಳ ಡಯಾಲಿಸಿಸ್‌ಗೆ ದುಡ್ಡು ಕೂಡಿಸಲು ಮ್ಯಾರಥಾನ್ ಓಡ್ತೀನಿ ಅಂತ ಜ್ವರಕ್ಕೆ ಮೊದಲೇ ಊರಿಗೆಲ್ಲ ಹೇಳಿಯಾಗಿತ್ತು. "ಅಣ್ಣ, ಈಗ ಏದುಸಿರು ಬರಲ್ಲ, ಕಿಲೋಮೀಟರ್ ಜಾಸ್ತಿ ಮಾಡ್ಲಾ?" ಅಂತ ಕೇಳಿದ. ಬೇಡ ಅಂದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣುಗು ಕಚ್ಚಿ ಬರುತ್ತದೆ. ಜ್ವರ ಬಿಟ್ಟ ಮೇಲೂ ನಿತ್ರಾಣ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದರ ಜೊತೆಗೆ ಹಾಸಿಗೆಯೂ ತನ್ನ ಪಾಲು ಕಿತ್ತುಕೊಳ್ಳುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ಆಸುಪಾಸಿನ 5 ಆರೋಗ್ಯವಂತ ಹುಡುಗರನ್ನು 3 ವಾರ ಸುಮ್ನೆ ಮಲಗಿಸಿದರು. ಅವರ ಮೈ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. 30 ವರ್ಷ ಕಳೆದು ಅದೇ 5 ಜನರನ್ನು ಮತ್ತೆ ಪರೀಕ್ಷಿಸಿದರೆ, ವಯಸ್ಸಾಗಿ ಕಳಕೊಂಡದ್ದಕ್ಕಿಂತ ಅಂದು 3 ವಾರ ಮಲಗಿ ಕಳಕೊಂಡದ್ದೇ ಜಾಸ್ತಿ ಇತ್ತು!

ಆದರೆ ಅದೇ ಹುಡುಗರು ಸುಮಾರು 2 ತಿಂಗಳ ತರಬೇತಿಯಲ್ಲಿ ಚೇತರಿಸಿಕೊಂಡರು. ಮಲಗಿದಾಗ ಮೊದಲು ಕಡಿಮೆಯಾಗುವುದು ರಕ್ತದ ನೀರಿನಂಶ. ರಕ್ತ ಕಡಿಮೆಯಾದರೆ ಹೃದಯದ ಒಂದೊಂದು ಬಡಿತಕ್ಕೂ ಹೊರಬರುವ ರಕ್ತ ಕಡಿಮೆ, ಹಾಗಾಗಿ ಮೆಟ್ಟಿಲು ಹತ್ತಿದರೂ ಎದೆ ಡವಡವ ಅನ್ನುತ್ತದೆ. ನಡೆಯಲು, ಓಡಲು ಶುರು ಮಾಡಿದರೆ ಈ ನೀರಿನಂಶ ಕೆಲವೇ ದಿನಗಳಲ್ಲಿ ತುಂಬಿಕೊಳ್ಳಲು ಆರಂಭಿಸುತ್ತದೆ. ಏದುಸಿರು ನಿಲ್ಲುತ್ತದೆ. ಪೂರ್ತಿ ಹುಷಾರಾದೆ ಅನ್ನಿಸುತ್ತದೆ. ಮೋಸ ಹೋಗುವುದು ಇಲ್ಲೇ.

ಮೂಳೆ ಬೇರೆ ಲೆಕ್ಕದಲ್ಲಿ ನಡೆಯುತ್ತದೆ. ಓಟದ ಪೆಟ್ಟು ಬಿದ್ದ ಜಾಗದಲ್ಲಿ ಮೊದಲು ಒಂದು ಬಗೆಯ ಜೀವಕೋಶಗಳು ಬಂದು ಹಳೆಯ ಮೂಳೆಯನ್ನು ಕರಗಿಸುತ್ತವೆ, ಅದಕ್ಕೆ ಕೆಲವು ವಾರ. ಆಮೇಲೆ ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ, ಅದಕ್ಕೆ ತಿಂಗಳುಗಳೇ ಬೇಕು. ಗದ್ದೆಯ ಹಳೆ ಬದುವನ್ನು ಕಡಿದು ಹೊಸ ಬದು ಹಾಕುವಾಗ ನಡುವೆ ನೀರು ಬಿಟ್ಟರೆ ಏನಾಗುತ್ತದೋ, ಆ ಮಧ್ಯದ ದಿನಗಳಲ್ಲಿ ದೂರ ಹೆಚ್ಚಿಸಿದರೆ ಮೂಳೆಗೂ ಅದೇ ಆಗುತ್ತದೆ. ಸಣ್ಣ ಬಿರುಕು ಬಿಡುತ್ತದೆ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಟೆಂಡನ್ ಕೂಡ ಹೀಗೇ ನಿಧಾನ.

ಒಂದು ಕೆಲಸ ಮಾಡಿ. ಓಡಿ ಬಂದ ಮೇಲೆ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಪಾದದವರೆಗೆ ಇಳಿಯಿರಿ. ಉದ್ದಕ್ಕೂ ಸ್ವಲ್ಪ ಸ್ವಲ್ಪ ನೋವಿದ್ದರೆ ಸಾಮಾನ್ಯವಾಗಿ ಅದು ಮೂಳೆಗೂ ಅದಕ್ಕೆ ಅಂಟಿದ ಸ್ನಾಯುವಿಗೂ ಓಟದ ಹೊರೆ ಹೆಚ್ಚಾದ ಗುರುತು, ಕೆಲವು ದಿನ ಓಟ ಕಡಿಮೆ ಮಾಡಿ. ಬೆರಳ ತುದಿಯಷ್ಟು ಜಾಗದಲ್ಲೇ ಚುಚ್ಚಿದಂತಾದರೆ, ನಡೆಯುವಾಗಲೂ ನೋವು ಬಂದರೆ, ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎದೆನೋವು, ತಲೆಸುತ್ತು, ಎದೆ ತಪ್ಪಿ ಹೊಡೆದ ಹಾಗಾಗುವುದು ಕಂಡರಂತೂ ಒಂದು ದಿನವೂ ಕಾಯಬೇಡಿ. ವೈರಸ್ ಜ್ವರಗಳು ಕೆಲವರಲ್ಲಿ ಹೃದಯದ ಸ್ನಾಯುವಿಗೂ ಊತ ತರುತ್ತವೆ. ಹಾಗಾದವರಿಗೆ 3ರಿಂದ 6 ತಿಂಗಳು ಜೋರಿನ ಓಟವೇ ಬೇಡ ಅನ್ನುತ್ತಾರೆ ಹೃದಯ ತಜ್ಞರು.

ನಮ್ಮ ಮಲೆನಾಡಿನ ರಸ್ತೆಯಲ್ಲಿ ಇನ್ನೊಂದು ತೊಂದರೆ ಇದೆ, ಇಳಿಜಾರು. ಏರು ಹತ್ತುವಾಗ ಸುಸ್ತಾಗುವುದು ಉಸಿರಿಗೆ, ಇಳಿಯುವಾಗ ಪೆಟ್ಟು ತಿನ್ನುವುದು ತೊಡೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ಹಿಡಿದು ನಿಲ್ಲಿಸಬೇಕು, ಅದರ ಎಳೆಗಳಿಗೆ ಸೂಕ್ಷ್ಮ ಗಾಯವಾಗುತ್ತದೆ, ನೋವು ಗೊತ್ತಾಗುವುದು ಒಂದೆರಡು ದಿನ ತಡವಾಗಿ. ಅದಕ್ಕೇ ಅವನಿಗೆ ಹೇಳಿದ್ದು, ಸದ್ಯಕ್ಕೆ ಏರನ್ನು ಮೆಲ್ಲಗೆ ಓಡು, ಇಳಿಜಾರನ್ನು ನಡೆದೇ ಇಳಿ, ಜೊತೆಯಲ್ಲಿರುವವರ ಹತ್ತಿರ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ ಸಾಕು ಅಂತ.

ಕೊಟ್ಟ ಮಾತಿನ ಭಾರವೂ ನನಗೆ ಅರ್ಥವಾಗುತ್ತದೆ. ಒಳ್ಳೆಯ ಕೆಲಸಕ್ಕೆ ಓಡುವವರು ನೋವನ್ನು ಜಾಸ್ತಿ ಮುಚ್ಚಿಡುತ್ತಾರೆ, ಅದೇ ನನ್ನ ಹೆದರಿಕೆ. ಆದರೆ ದುಡ್ಡು ಕೊಟ್ಟವರು ಕೊಟ್ಟಿದ್ದು ಮಕ್ಕಳಿಗೆ ತಾನೇ? 42.195 ಕಿ.ಮೀ. ಬದಲು ಈ ಸಲ 10 ಕಿ.ಮೀ. ಓಡ್ತೀನಿ, ದೊಡ್ಡದು ಮುಂದಿನ ವರ್ಷ ಅಂತ ಅವರಿಗೆ ಈಗಲೇ ಹೇಳಿಬಿಟ್ಟರೆ ಯಾರೂ ದುಡ್ಡು ವಾಪಸ್ ಕೇಳಲಿಕ್ಕಿಲ್ಲ.