ಸ್ಪ್ರಿಂಗ್ ರೋಲ್ ಹತ್ತೇ ನಿಮಿಷಕ್ಕೆ ಮೆತ್ತಗಾಗುವುದು ಯಾಕೆ?

ಮೂಡಿಗೆರೆಯ ಓದುಗರೊಬ್ಬರ ಪ್ರಶ್ನೆ: "ವೆಜ್ ಸ್ಪ್ರಿಂಗ್ ರೋಲ್ ಬಾಣಲೆಯಿಂದ ತೆಗೆದಾಗ ಗರಿಗರಿ ಇರುತ್ತೆ. ಎಲ್ಲರೂ ಬಂದು ಕೂರೋಷ್ಟರಲ್ಲಿ ಮೆತ್ತಗೆ. ಕಾರ್ನ್‌ಫ್ಲೋರ್ ಹಾಕಿ ನೋಡಿದೆ, ಎಣ್ಣೆ ಬದಲಾಯಿಸಿದೆ. ಏನು ತಪ್ಪು ಮಾಡ್ತಿದ್ದೀನಿ?"

ನಿಮ್ಮೂರಿನ ಮಳೆಗಾಲದಲ್ಲಿ ಕರಿದ ಹಪ್ಪಳವೇ ಊಟ ಮುಗಿಯುವಷ್ಟರಲ್ಲಿ ಮೆತ್ತಗಾಗುತ್ತದೆ, ಅಲ್ವಾ? ಆದರೆ ಹಾಸನದ ಬೇಸಿಗೆಯಲ್ಲೂ ನನ್ನ ರೋಲ್‌ಗಳಿಗೆ ಇದೇ ಗತಿಯಾಗಿತ್ತು. ಹಾಗಾಗಿ ಮೊದಲು ಹೂರಣ ನೋಡಿ. ಎಲೆಕೋಸಿನಲ್ಲಿ ಶೇ. 90ಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಉಪ್ಪು ಬಿದ್ದ ಕೂಡಲೇ ಅದು ಹೊರಗೆ ಬರುತ್ತದೆ. ಆ ನೀರು ರೋಲ್‌ನೊಳಗೆ ಆವಿಯಾಗಿ ಗರಿಗರಿ ಹಾಳೆಗೆ ಇಳಿಯುತ್ತದೆ, ಒಳಗಿನಿಂದಲೇ ನೆನೆಸುತ್ತದೆ.

ಕೋಸು, ಕ್ಯಾರೆಟ್, ಬೀನ್ಸ್, ದೊಣ್ಣೆಮೆಣಸಿನಕಾಯಿ ಎಲ್ಲ ಸಣ್ಣಗೆ ಉದ್ದುದ್ದ ಹೆಚ್ಚಿಕೊಳ್ಳಿ. ಅಗಲ ಬಾಣಲೆ, ಜೋರು ಉರಿ, ಎರಡು ಮೂರು ನಿಮಿಷ ಸಾಕು. ಮುಚ್ಚಳ ಬೇಡವೇ ಬೇಡ. ಉಪ್ಪು, ಸೋಯಾ ಸಾಸ್ ಕೊನೆಗೆ. ಆಮೇಲೆ ತಟ್ಟೆಯಲ್ಲಿ ತೆಳ್ಳಗೆ ಹರಡಿ, ತಟ್ಟೆಯನ್ನು ಸ್ವಲ್ಪ ಓರೆ ಮಾಡಿಡಿ. ಕಾಲು ಗಂಟೆ ಬಿಟ್ಟು ನೋಡಿದರೆ ಕೆಳ ಅಂಚಿನಲ್ಲಿ ಕಂದು ನೀರು ನಿಂತಿರುತ್ತದೆ. ನಾನು ನೋಡಿದಾಗ ಎರಡು ಚಮಚ ಇತ್ತು! ಅದನ್ನು ಚೆಲ್ಲಿ. ಹೂರಣ ಪೂರ್ತಿ ತಣ್ಣಗಾಗಲಿ. ಒಮ್ಮೆ ಅವಸರಕ್ಕೆ ಬಿಸಿಬಿಸಿ ತುಂಬಿ, ಗೌರಿ ಹಬ್ಬದ ಕರಿಗಡುಬು ಒಡೆದ ಹಾಗೆ ಎಣ್ಣೆ ತುಂಬಾ ಕೋಸು ತೇಲಿಸಿದ್ದೇನೆ.

ಹಾಳೆ ಅಂಗಡಿಯಲ್ಲಿ ಸಿಗದಿದ್ದರೆ ಸಮೋಸಾ ಪಟ್ಟಿಯ ಉಪಾಯ ಇದೆ. ಎರಡು ಮೈದಾ ಪೂರಿಗಳ ನಡುವೆ ಎಣ್ಣೆ ಸವರಿ, ಹಿಟ್ಟು ಉದುರಿಸಿ, ಜೋಡಿಸಿ ತೆಳ್ಳಗೆ ಲಟ್ಟಿಸಿ. ಹೆಂಚಿನ ಮೇಲೆ ಸುಮ್ನೆ ಬಿಸಿ ತಾಗಿಸಿ, ಬಿಡಿಸಿ. ಒದ್ದೆ ಬಟ್ಟೆ ಮುಚ್ಚಿಡಿ. ಗಾಳಿ ಉಳಿಯದ ಹಾಗೆ ಬಿಗಿಯಾಗಿ ಸುತ್ತಿ, ಅಂಚಿಗೆ ಮೈದಾ ಅಂಟು ಹಚ್ಚಿ.

ಇನ್ನು ಕರಿಯುವುದು. ಬಣ್ಣ ಬಂತು ಅಂತ ತೆಗೆದುಬಿಡುತ್ತೀರಿ, ನನ್ನ ಅನುಮಾನ ಅದೇ. ಎಣ್ಣೆ ತುಂಬಾ ಕಾದಿದ್ದರೆ ಒಂದೇ ನಿಮಿಷಕ್ಕೆ ಕೆಂಪಾಗುತ್ತದೆ, ಹಾಳೆಯ ಒಳಪದರ ಹಸಿಯಾಗೇ ಇರುತ್ತದೆ. ಚಕ್ಕುಲಿ ನೆನಪು ಮಾಡಿಕೊಳ್ಳಿ: ನೊರೆ ಅಡಗುವ ತನಕ ತೆಗೆಯುತ್ತೇವಾ? ಇಲ್ಲೂ ಹಾಗೆಯೇ. ಆ ನೊರೆ ಎಂದರೆ ಹೊರಗೆ ಹೋಗುತ್ತಿರುವ ನೀರು. ಎಣ್ಣೆ 170ರಿಂದ 180 ಡಿಗ್ರಿ ಇರಲಿ, ಅಂದರೆ ಹಾಳೆಯ ಚೂರು ಹಾಕಿದರೆ ಗುಳ್ಳೆ ಬಂದು ಮೇಲೇಳಬೇಕು, ಕಪ್ಪಾಗಬಾರದು. ಒಂದು ಸಲಕ್ಕೆ ಮೂರೋ ನಾಲ್ಕೋ ರೋಲ್ ಬಿಡಿ. ಜಾಸ್ತಿ ಹಾಕಿದರೆ ಎಣ್ಣೆ ತಣಿದು, ರೋಲ್ ಎಣ್ಣೆ ಕುಡಿಯುತ್ತದೆ.

ನೆಂಟರು ಬರುವ ದಿನ ಎರಡು ಸಲ ಕರಿಯಿರಿ. ಮೊದಲು ತಿಳಿ ಬಣ್ಣಕ್ಕೆ ತೆಗೆದು ಆರಲು ಬಿಡಿ, ಅವರು ಕೂತ ಮೇಲೆ ಇನ್ನೊಂದು ನಿಮಿಷ ಚೆನ್ನಾಗಿ ಕಾದ ಎಣ್ಣೆಗೆ ಬಿಡಿ. ನನ್ನ ಲೆಕ್ಕದಲ್ಲಿ ಕಾರ್ನ್‌ಫ್ಲೋರ್‌ಗಿಂತ ಇದೇ ವಾಸಿ.

ತೆಗೆದದ್ದನ್ನು ಪೇಪರ್ ಮೇಲೆ ಒಂದರ ಮೇಲೊಂದು ಪೇರಿಸಬೇಡಿ, ತಳದ್ದು ಬೆವರುತ್ತದೆ. ಜಾಲರಿಯ ಮೇಲೆ ನಿಲ್ಲಿಸಿಡಿ. ಜಾಲರಿ ಇಲ್ಲದಿದ್ದರೆ ಹಿಟ್ಟಿನ ಜರಡಿ ಬೋರಲು ಹಾಕಿದರೂ ಆಗುತ್ತದೆ. ಬಿಸಿ ಆರದಂತೆ ಹಾಟ್‌ಬಾಕ್ಸ್‌ಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ, ಅದು ಚಪಾತಿಗೆ.