ಹನ್ನೊಂದು ಬೇಡಿಕೆಯ ಮನವಿ

ಮಂಗಳೂರಿನಲ್ಲಿ ವಕೀಲನಾಗಿ ನನ್ನ ಅರ್ಧ ಕೆಲಸ ಸಂಘಗಳಿಗೆ ಮನವಿ ಬರೆದುಕೊಡುವುದು. ಮೊನ್ನೆ ಒಂದು ಬೆಳೆಗಾರರ ಸಂಘದವರು ಬಂದಿದ್ದರು. ಎರಡು ಹಾಳೆ, ಹನ್ನೊಂದು ಬೇಡಿಕೆ. ಅಡಿಕೆ ಆಮದಿನಿಂದ ಹಿಡಿದು ಊರಿನ ಮೋರಿಯವರೆಗೆ ಎಲ್ಲ ಇತ್ತು. ಯಾರಿಗೆ ಕೊಡುವುದು ಅಂತ ಕೇಳಿದೆ. "ಡಿಸಿಯವರಿಗೆ" ಅಂದರು.

ಎಡವುವುದು ಅಲ್ಲೇ. ಅಡಿಕೆ ಆಮದು ಡಿಸಿ ಕೈಯಲ್ಲಿಲ್ಲ, ಬೆಂಗಳೂರಿನ ಕೈಯಲ್ಲೂ ಇಲ್ಲ. ಇಷ್ಟಕ್ಕಿಂತ ಅಗ್ಗದ ಅಡಿಕೆ ಒಳಗೆ ಬರಬಾರದು ಅನ್ನುವ ಕನಿಷ್ಠ ಆಮದು ಬೆಲೆಯ ಆದೇಶ ಹೊರಡುವುದು ದೆಹಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ. 2023ರ ಫೆಬ್ರವರಿಯಲ್ಲಿ ಆ ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಕಣ್ಣಿಗೆ ಕಾಣುವುದು ಒಂದು ಅಧಿಸೂಚನೆ. ಅದರ ಹಿಂದೆ ಎಷ್ಟೋ ಸಲದ ದೆಹಲಿ ಓಡಾಟ.

ಇಂಥ ಓಡಾಟದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಬಲ ಸದಸ್ಯರ ಸಂಖ್ಯೆ ಅಂತ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1970ರ ಸುಮಾರಿಗೆ ಧಾರಣೆ ಕುಸಿದಾಗ ಬೆಳೆಗಾರರು ಬರೀ ಬೊಬ್ಬೆ ಹೊಡೆದು ಸುಮ್ಮನಾಗಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಈ ಸಂಸ್ಥೆಯನ್ನೇ ಕಟ್ಟಿದರು. ತಾನೇ ಅಡಿಕೆ ಕೊಳ್ಳುವ ಸಂಸ್ಥೆ ಅದು. ಯಾವತ್ತು ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, ಎಷ್ಟಿತ್ತು ಅನ್ನುವುದು ಅದರ ಪುಸ್ತಕದಲ್ಲೇ ಇರುತ್ತದೆ. ಅಧಿಕಾರಿ "ಲೆಕ್ಕ ಎಲ್ಲಿ?" ಅಂದರೆ ತಡಕಾಡಬೇಕಿಲ್ಲ. ಕೇರಳದ ಬೆಳೆಗಾರರೂ ಒಳಗಿರುವುದರಿಂದ ಎರಡು ರಾಜ್ಯದ ಸಂಸದರ ಬಾಗಿಲು ತಟ್ಟಬಹುದು. ಅಗ್ಗದ ಅಡಿಕೆ ಬೇಕಾದ ವ್ಯಾಪಾರಿಗಳೂ ದೆಹಲಿಗೆ ಹೋಗುತ್ತಾರೆ ಅಲ್ವಾ? ಅವರು ಪೇಪರಿನ ಫೋಟೊದಲ್ಲಿ ಕಾಣುವುದಿಲ್ಲ, ಅಷ್ಟೇ.

ಎಲ್ಲರೂ ಒಂದಾಗಿ ಅನ್ನುವುದು ಸುಲಭ. ಮಲ್ಪೆಯ ಮೀನುಗಾರಿಕಾ ದಕ್ಕೆಯಲ್ಲಿ ಹೇಳಿ ನೋಡಿ. ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ದಡದಲ್ಲಿ. ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ಬೋಟಿನವರು ಕೇಳುವುದು ಡೀಸೆಲ್, ದೋಣಿಯವರು ಕೇಳುವುದು ಸೀಮೆಎಣ್ಣೆ. ಒಂದೇ ಸಮುದ್ರ, ಎರಡು ಮನವಿ.

ಇನ್ನೊಂದು ತೊಂದರೆ ಗಡುವಿನದ್ದು. ಸರ್ಕಾರ ನಿಯಮದ ಕರಡನ್ನು ಗೆಜೆಟ್‌ನಲ್ಲಿ ಹಾಕಿ ಆಕ್ಷೇಪಣೆ ಕರೆದಾಗ ಹೆಚ್ಚಾಗಿ ಮೂವತ್ತು ದಿನ ಇರುತ್ತದೆ. ನಮ್ಮವರು ನನ್ನ ಹತ್ತಿರ ಬರುವುದು ಮೂವತ್ತೊಂದನೇ ದಿನ. ಆಮೇಲೆ ಪ್ರತಿಭಟನೆ, ಘೋಷಣೆ, ಬಿಸಿಲು.

ಸಂಘದವರ ಮನವಿಯನ್ನು ಒಂದೇ ಹಾಳೆಗೆ ಇಳಿಸಿದೆ. ಮೇಲೆ ದೆಹಲಿ ಕಚೇರಿಯ ವಿಳಾಸ, ಕೆಳಗೆ ಆಮದಿನದ್ದು ಒಂದೇ ಬೇಡಿಕೆ, ಜೊತೆಗೆ ಮೂರು ವರ್ಷದ ಧಾರಣೆ ಪಟ್ಟಿ. ಮೋರಿಯದ್ದು ಪಂಚಾಯತಿಗೆ, ಬೇರೆ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ ಅಂದೆ.

ಅಧ್ಯಕ್ಷರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎಲ್ಲ ಸರಿ ವಕೀಲರೇ. ಆದರೆ ಇದನ್ನು ಕೊಡುವಾಗ ಫೋಟೊ ಎಲ್ಲಿ ತೆಗೆಯುವುದು ಮಾರಾಯ್ರೇ?"